ಆರು ಬಾಟಲಿಯಲ್ಲಿ ಯಾವುದನ್ನು ಹಚ್ಚಲಿ?

ಪ್ರಶ್ನೆ: ನನಗೆ 34 ವರ್ಷ. ತವರು ತಿಪಟೂರು, ಅತ್ತೆಯವರ ಊರು ವಿಜಯಪುರ. ಈಗ ಬೆಂಗಳೂರಿನಲ್ಲಿದ್ದೇವೆ, ಮನೆಗೆ ಬೋರ್‌ವೆಲ್ ನೀರು. ಜುಲೈನಲ್ಲಿ ಡೆಂಗಿ ಬಂದಿತ್ತು. ಸೆಪ್ಟೆಂಬರ್ ಕೊನೆಯಿಂದ ಕೂದಲು ಹಿಡಿ ಹಿಡಿಯಾಗಿ ಕೈಗೆ ಬರುತ್ತಿದೆ. ಹೊಟ್ಟು, ತುರಿಕೆ ಎರಡೂ ಇವೆ. ಅಮ್ಮ ಸೊಪ್ಪು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಕಳಿಸುತ್ತಾರೆ. ಅತ್ತೆ ಕುಸುಬೆ ಎಣ್ಣೆ ಹಚ್ಚು ಅನ್ನುತ್ತಾರೆ. ಗೆಳತಿಯರ ಮಾತು ಕೇಳಿ ಹರಳೆಣ್ಣೆ, ರೋಸ್‌ಮೆರಿ ಎಣ್ಣೆ ತಂದೆ. ಬಾದಾಮಿ ಎಣ್ಣೆ ಇದೆ. ಹಕ್ಕಿಪಿಕ್ಕಿ ಜನರ ಎಣ್ಣೆ ಅಂತ ಆನ್‌ಲೈನ್‌ನಲ್ಲಿ ತರಿಸಿದ್ದೂ ಇದೆ. ಒಟ್ಟು ಆರು ಬಾಟಲಿ. ಒಂಬತ್ತು ವರ್ಷದ ಮಗಳಿಗೆ ಗುಂಗುರು ಕೂದಲು, ಶಾಲೆಯಿಂದ ಹೇನು ತರುತ್ತಾಳೆ. ಯಾವ ಎಣ್ಣೆ ಹಚ್ಚಲಿ ಡಾಕ್ಟ್ರೇ?

ಉತ್ತರ: ನಿಮ್ಮ ಪತ್ರದಲ್ಲಿ ಎಣ್ಣೆಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಎರಡು ತಿಂಗಳ ಹೆಸರು. ಜುಲೈನಲ್ಲಿ ಡೆಂಗಿ, ಸೆಪ್ಟೆಂಬರ್ ಕೊನೆಗೆ ಕೂದಲು ಉದುರಲು ಶುರು. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಇದೇ ದೂರು ಹೊತ್ತು ಎಷ್ಟೋ ಜನ ನನ್ನ ಹತ್ತಿರ ಬರುತ್ತಾರೆ. ಜೋರು ಜ್ವರ ಬಂದಾಗ ಬೆಳೆಯುತ್ತಿದ್ದ ಬೇರುಗಳಲ್ಲಿ ಬಹಳಷ್ಟು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿಬಿಡುತ್ತವೆ. ಆ ಕೂದಲು ತಕ್ಷಣ ಉದುರುವುದಿಲ್ಲ. ಎರಡು ಮೂರು ತಿಂಗಳು ಸುಮ್ನೆ ಅಲ್ಲೇ ಕೂತಿರುತ್ತದೆ. ಆಮೇಲೆ ಎಲ್ಲ ಒಂದೇ ಸಲ ಕೈಗೆ ಬರುತ್ತದೆ. ಟೈಫಾಯ್ಡ್ ಆದವರಿಗೂ ಹೀಗೇ, ಬಾಣಂತಿಯರಿಗೂ ಹೀಗೇ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಎಲ್ಲರಿಗೂ ಇರುವಂಥದ್ದು. ನಿಮಗೆ ಅದು ಕೆಲವು ಪಟ್ಟು ಜಾಸ್ತಿಯಾಗಿದೆ ಅಷ್ಟೆ.

ಹೆದರಬೇಡಿ, ಬೇರು ಸತ್ತಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ಇದು ತಾನಾಗಿ ನಿಲ್ಲುತ್ತದೆ. ಇದನ್ನು ಯಾವ ಎಣ್ಣೆಯೂ ತಂದದ್ದಲ್ಲ, ಯಾವ ಎಣ್ಣೆಯೂ ನಿಲ್ಲಿಸುವುದಿಲ್ಲ. ಈ ಆರು ತಿಂಗಳಲ್ಲಿ ಜನ ವಾರಕ್ಕೊಂದು ಎಣ್ಣೆ ಬದಲಾಯಿಸುತ್ತಾರೆ. ಕೊನೆಗೆ ಉದುರುವುದು ನಿಂತಾಗ ಕೈಯಲ್ಲಿ ಯಾವ ಬಾಟಲಿ ಇತ್ತೋ ಅದಕ್ಕೆ ಹೆಸರು ಬರುತ್ತದೆ. ನಿಮ್ಮ ಗೆಳತಿಯರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಹಾಗೆ ಕಂಡಿರುತ್ತದೆ.

ಹಾಗಾದರೆ ಎಣ್ಣೆ ಬೇಡವೇ? ಬೇಕು. ಅದರ ಕೆಲಸ ಬೇರೆ. ನೆತ್ತಿಯಿಂದ ಹೊರಗೆ ಬಂದ ಕೂದಲಿಗೆ ಜೀವ ಇಲ್ಲ, ಉಗುರಿನ ತುದಿಯ ಹಾಗೆ. ಜೀವ ಇರುವುದು ಚರ್ಮದೊಳಗೆ ಮೂರು ನಾಲ್ಕು ಮಿಲಿಮೀಟರ್ ಆಳದ ಬೇರಿನಲ್ಲಿ. ಆ ಬೇರಿಗೆ ಊಟ ರಕ್ತದಿಂದ ಬರುತ್ತದೆ. ಮೇಲಿಂದ ಹಚ್ಚಿದ ಎಣ್ಣೆ ಅದಕ್ಕೆ ಊಟವಲ್ಲ. ಆದರೆ ಹೊರಗಿನ ಎಳೆಗೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಶಕ್ತಿ ಇಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮ ಜಡೆ ಎರಡು ಅಡಿ ಇದ್ದರೆ ತುದಿಯ ವಯಸ್ಸು ಐದು ವರ್ಷ. ಅಂದರೆ ಮಗಳಿಗೆ ನಾಲ್ಕು ವರ್ಷ ಇದ್ದಾಗ ಹುಟ್ಟಿದ ಕೂದಲು ಅದು. ಅಷ್ಟು ವರ್ಷದ ಬಿಸಿಲು, ಬಾಚಣಿಗೆ, ಬೋರ್ ನೀರು ಎಲ್ಲ ತಡೆದುಕೊಂಡಿದೆ. ಅದಕ್ಕೊಂದು ರಕ್ಷಣೆ ಬೇಕಲ್ವಾ?

ಎಳೆಯ ಮೇಲ್ಪದರ ಮಂಗಳೂರು ಹಂಚಿನ ಮಾಡಿನ ಹಾಗಿದೆ. ತೆಳು ಪೊರೆಗಳು ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ನೀರು ಬಿದ್ದಾಗ ಎಳೆ ನೀರು ಕುಡಿದು ಉಬ್ಬುತ್ತದೆ, ಹಂಚು ಮೇಲೇಳುತ್ತದೆ. ಒಣಗಿದಾಗ ಮತ್ತೆ ಕುಗ್ಗುತ್ತದೆ. ವರ್ಷಗಟ್ಟಲೆ ಹೀಗೆ ಉಬ್ಬಿ ಕುಗ್ಗಿ ಹಂಚು ಸವೆಯುತ್ತದೆ, ತುದಿ ಸೀಳುತ್ತದೆ, ಬಾಚಿದಾಗ ನಡುವೆ ತುಂಡಾಗುತ್ತದೆ. ಎಷ್ಟೋ ಜನ ಹೀಗೆ ತುಂಡಾದ ಕೂದಲನ್ನೂ ಉದುರಿದ್ದು ಅಂತ ಲೆಕ್ಕ ಹಾಕುತ್ತಾರೆ. ಕೈಗೆ ಬಂದ ಕೂದಲನ್ನು ಬಿಳಿ ಕಾಗದದ ಮೇಲೆ ಇಟ್ಟು ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗುಂಡು ಇದ್ದರೆ ಅದು ಬುಡದಿಂದ ಬಂದದ್ದು. ಗುಂಡು ಇಲ್ಲದೆ ಗಿಡ್ಡವಾಗಿದ್ದರೆ ತುಂಡಾದದ್ದು. ಎಣ್ಣೆ ತಡೆಯುವುದು ಈ ಎರಡನೆಯದನ್ನು.

ಈ ಕೆಲಸದಲ್ಲಿ ನಮ್ಮ ಕೊಬ್ಬರಿ ಎಣ್ಣೆಯೇ ಮುಂದು. ತಿಪಟೂರಿನವರು ಅಂತ ನಿಮ್ಮನ್ನು ಖುಷಿಪಡಿಸಲು ಹೇಳುತ್ತಿಲ್ಲ, ಕಾರಣ ಇದೆ. ಕೊಬ್ಬರಿ ಎಣ್ಣೆಯ ಹತ್ತಿರ ಹತ್ತಿರ ಅರ್ಧದಷ್ಟು ಭಾಗ ಲಾರಿಕ್ ಆಮ್ಲ. ಇದರ ಅಣು ಚಿಕ್ಕದು, ನೇರ. ಅದಕ್ಕೇ ಹಂಚಿನ ಸಂದಿಯಲ್ಲಿ ನುಸುಳಿ ಎಳೆಯ ಒಳಗೆ ಹೋಗುತ್ತದೆ. ಅಮೆರಿಕದ ಪ್ರಿನ್ಸ್‌ಟನ್‌ನ ಪ್ರಯೋಗಾಲಯದಲ್ಲಿ ಕೂದಲನ್ನು ಅಡ್ಡಕ್ಕೆ ಕತ್ತರಿಸಿ ನೋಡಿದಾಗ ಕೊಬ್ಬರಿ ಎಣ್ಣೆ ಒಳಗೆ ಸಿಕ್ಕಿತು, ಪೆಟ್ರೋಲಿಯಂನಿಂದ ಬರುವ ಮಿನರಲ್ ಆಯಿಲ್ ಸಿಗಲಿಲ್ಲ. ಅದು 2001ರ ಮಾತು. 2003ರಲ್ಲಿ ಮುಂಬೈನ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ಕೊಬ್ಬರಿ ಎಣ್ಣೆ ಮಾತ್ರ ಚೆನ್ನಾಗಿ ತಡೆದಿತ್ತು. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯಲ್ಲಿದ್ದವರು, ಅದನ್ನೂ ನಿಮಗೆ ಹೇಳಬೇಕು. ಆದರೂ ಎಣ್ಣೆ ಒಳಗೆ ಹೋಗುವ ಕಾರಣ ರಸಾಯನಶಾಸ್ತ್ರಕ್ಕೆ ಸರಿಹೊಂದುತ್ತದೆ. ಇಷ್ಟು ವರ್ಷದಲ್ಲಿ ನಾನು ನೋಡಿದ್ದೂ ಅದನ್ನೇ ಹೇಳುತ್ತದೆ.

ಇದರಿಂದ ಒಂದು ಮುಖ್ಯ ಮಾತು ಹೊರಡುತ್ತದೆ. ಕೊಬ್ಬರಿ ಎಣ್ಣೆಯನ್ನು ತಲೆ ತೊಳೆಯುವ ಮೊದಲು ಹಚ್ಚಬೇಕು. ಒಳಗೆ ಎಣ್ಣೆ ಕೂತಿದ್ದರೆ ನೀರಿಗೆ ಜಾಗ ಕಡಿಮೆ, ಎಳೆ ಉಬ್ಬುವುದು ಕಡಿಮೆ. ಎಣ್ಣೆ ಹಚ್ಚಿ, ಆಮೇಲೆ ಎರೆದುಕೊಳ್ಳುವುದು ನಮ್ಮ ಅಜ್ಜಿಯರ ಕ್ರಮ. ಅದು ಸರಿಯಾದ ಕ್ರಮ. ತಲೆ ತೊಳೆದು, ಆಮೇಲೆ ಎಣ್ಣೆ ಬಳಿದು ಮೂರು ದಿನ ಹಾಗೇ ಓಡಾಡುವುದು ಬೇರೆ ಅಭ್ಯಾಸ. ಬೆಂಗಳೂರಿನ ಧೂಳಿನಲ್ಲಿ ಅದನ್ನು ನಾನು ಬೇಡ ಅನ್ನುತ್ತೇನೆ.

ಕೊಬ್ಬರಿ ಎಣ್ಣೆ ಎಲ್ಲರಿಗೂ ಆಗಿಬರುತ್ತದೆ ಅಂತಲ್ಲ. ಕೆಲವರ ಕೂದಲು ಅದನ್ನು ಹಚ್ಚಿದರೆ ಒಣ ಹುಲ್ಲಿನ ಹಾಗೆ ಬಿರುಸಾಗುತ್ತದೆ. ಅಂಥವರಿಗೆ ಎಳ್ಳೆಣ್ಣೆ ಒಳ್ಳೆಯದು. ಅದು ಹೆಚ್ಚಾಗಿ ಎಳೆಯ ಹೊರಗೇ ನಿಂತು ನುಣುಪು ಕೊಡುತ್ತದೆ. ಎಳ್ಳಿನಲ್ಲೇ ಇರುವ ಕೆಲವು ಅಂಶಗಳಿಂದ ಬೇಗ ಕಮಟಾಗುವುದೂ ಇಲ್ಲ. ನರಕ ಚತುರ್ದಶಿಯ ಎಣ್ಣೆ ಸ್ನಾನಕ್ಕೆ ಎಷ್ಟೋ ಮನೆಗಳಲ್ಲಿ ಇದನ್ನೇ ಬಿಸಿ ಮಾಡುತ್ತಾರೆ. ಒಂದು ಎಚ್ಚರಿಕೆ ಮಾತ್ರ. ಅಂಗಡಿಯಲ್ಲಿ ‘ದೀಪದ ಎಣ್ಣೆ’ ಅಂತ ಅಗ್ಗಕ್ಕೆ ಸಿಗುವುದು ಎಳ್ಳೆಣ್ಣೆ ಅಂದುಕೊಳ್ಳಬೇಡಿ. ಅದು ಬೆರಕೆ ಎಣ್ಣೆ, ದೀಪಕ್ಕೇ ಇರಲಿ.

ಈಗ ನಿಮ್ಮ ಅಮ್ಮನ ಎಣ್ಣೆಗೆ ಬರೋಣ. ಆರು ಬಾಟಲಿಯಲ್ಲಿ ನನಗೆ ಆಸೆ ಹುಟ್ಟಿಸಿದ್ದು ಇದೊಂದೇ. ಅದರಲ್ಲಿ ಕರಿಬೇವು, ದಾಸವಾಳ, ಗರುಗದ ಸೊಪ್ಪು, ಮೆಂತ್ಯ, ಬೆಟ್ಟದ ನೆಲ್ಲಿಕಾಯಿ ಇರಬಹುದು. ಗರುಗ ಅಂದರೆ ಭೃಂಗರಾಜ, ಗದ್ದೆ ಬದುವಿನಲ್ಲಿ ಬಿಳಿ ಹೂ ಬಿಡುವ ಗಿಡ. ಈ ಸೊಪ್ಪುಗಳು ಮನುಷ್ಯರ ಕೂದಲು ಬೆಳೆಸುತ್ತವೆ ಅಂತ ಗಟ್ಟಿಯಾಗಿ ಹೇಳುವಷ್ಟು ಸಾಕ್ಷಿ ಇಲ್ಲ. ಎಣ್ಣೆಗೆ ಹಸಿರು ಬಣ್ಣ ಬಂದರೆ ಅದು ಎಲೆಯ ಹಸಿರು, ಔಷಧಿಯ ಗುರುತಲ್ಲ. ಆದರೂ ಆ ಎಣ್ಣೆಯ ಮುಕ್ಕಾಲು ಗುಣ ಕೊಬ್ಬರಿಯದು. ಅದು ಚೆನ್ನಾಗಿದ್ದರೆ ಸಾಕು. ಹಾಗಾಗಿ ನಾನು ನೋಡುವುದು ಯಾವ ಸೊಪ್ಪು ಹಾಕಿದರು ಅನ್ನುವುದಕ್ಕಿಂತ ಹೇಗೆ ಕಾಯಿಸಿದರು ಅನ್ನುವುದನ್ನು.

ಮನೆಯಲ್ಲಿ ಕಾಯಿಸಿದ ಎಣ್ಣೆ ಕೆಡುವುದು ನೀರಿನಿಂದ. ಹಸಿ ಸೊಪ್ಪಿನಲ್ಲಿ ನೀರು ತುಂಬಿರುತ್ತದೆ. ಅದು ಪೂರ್ತಿ ಹೋಗದಿದ್ದರೆ ಬಾಟಲಿಯ ತಳದಲ್ಲಿ ಉಳಿದು ಬೂಷ್ಟು ಹಿಡಿಯುತ್ತದೆ, ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ. ನಮ್ಮ ಆಯುರ್ವೇದದವರು ಇದನ್ನು ಬಹಳ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಾರೆ. ಅವರ ಸಾಮಾನ್ಯ ಅಳತೆ ಹೀಗಿದೆ: ಅರೆದ ಸೊಪ್ಪು ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಅಥವಾ ಕಷಾಯ ಹದಿನಾರು ಪಾಲು. ಅಷ್ಟು ನೀರಂಶ ಆರುವ ತನಕ ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಕಾಯಿಸಬೇಕು. ಹದ ತಿಳಿಯಲು ಎರಡು ಪರೀಕ್ಷೆ ಇದೆ. ತಳದ ಸೊಪ್ಪಿನ ಚರಟವನ್ನು ಬೆರಳಲ್ಲಿ ಹೊಸೆದರೆ ಬತ್ತಿಯಾಗಬೇಕು. ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಪಟ ಅನ್ನದೆ ಉರಿಯಬೇಕು. ಸದ್ದು ಬಂದರೆ ನೀರು ಇನ್ನೂ ಇದೆ ಅಂತ. ಹದ ಬಂದಾಗ ಎಣ್ಣೆಯ ಮೇಲೆ ನೊರೆ ಏಳುತ್ತದೆ. ತುಪ್ಪ ಕಾಯಿಸುವಾಗ ಇದಕ್ಕೆ ಉಲ್ಟಾ, ಅಲ್ಲಿ ನೊರೆ ಇಳಿದಾಗ ಹದ. ಅಮ್ಮನಿಗೆ ಇದು ಗೊತ್ತಿರಬಹುದು. ಒಮ್ಮೆ ಕೇಳಿ ನೋಡಿ, ನನಗಿಂತ ಚೆನ್ನಾಗಿ ವಿವರಿಸಿಯಾರು.

ಜೋರು ಉರಿ ಬೇಡ. ಎಣ್ಣೆ ಹೊಗೆಯಾಡಿದರೆ ಸೊಪ್ಪು ಸುಟ್ಟು ಕರಕಲು ವಾಸನೆ ಬರುತ್ತದೆ, ಎಣ್ಣೆಯೂ ಹಾಳು. ಆರಿದ ಮೇಲೆ ಒಣ ಬಟ್ಟೆಯಲ್ಲಿ ಸೋಸಿ, ಪೂರ್ತಿ ಒಣಗಿದ ಗಾಜಿನ ಬಾಟಲಿಗೆ ಹಾಕಿ, ಬಿಸಿಲು ಬೀಳದ ಕಡೆ ಇಡಿ. ಎಣ್ಣೆ ಮುಗಿಯುವ ತನಕ ಸೊಪ್ಪನ್ನು ಬಾಟಲಿಯಲ್ಲೇ ನೆನೆಹಾಕಿ ಇಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಅದನ್ನು ಬಿಡಿ. ಮೂರು ತಿಂಗಳಿಗೆ ಆಗುವಷ್ಟೇ ಮಾಡಿಸಿಕೊಳ್ಳಿ. ಒದ್ದೆ ಬೆರಳು ಅದ್ದಬೇಡಿ, ಬಟ್ಟಲಿಗೆ ಸ್ವಲ್ಪ ಸುರಿದುಕೊಳ್ಳಿ. ನಿಮ್ಮ ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗೆ ಕಾಯಿ ಗಡಗಡ ಅನ್ನುವ ತನಕ ಒಣಗಿಸುವ ಉಂಡೆ ಕೊಬ್ಬರಿ ಇದೆಯಲ್ಲ, ಅದನ್ನು ಗಾಣಕ್ಕೆ ಕೊಟ್ಟು ತೆಗೆಸಿದ ಎಣ್ಣೆಯಾದರೆ ಕಾಯಿಸದೆಯೂ ಹಚ್ಚಬಹುದು. ಕೊಡುವ ಮುಂಚೆ ಪ್ರತಿ ಗಿಟುಕನ್ನೂ ಒಡೆದು ನೋಡಿ. ಒಳಗೆ ಬೂಷ್ಟು ಹಿಡಿದದ್ದನ್ನು ತೆಗೆದು ಹಾಕಿ.

ಅಂಗಡಿಯಿಂದ ಕೊಳ್ಳುವುದಾದರೆ ಅಡುಗೆಗೆ ಬಳಸುವ ಕೊಬ್ಬರಿ ಎಣ್ಣೆಯನ್ನೇ ಕೊಳ್ಳಿ. ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು, ಅದರ ಜೊತೆ ಹದಿನಾಲ್ಕು ಅಂಕಿಯ ಲೈಸೆನ್ಸ್ ನಂಬರ್ ಇರುತ್ತದೆ. ಚಿಕ್ಕ ಡಬ್ಬದಲ್ಲಿ ಮಾರುವ ಶುದ್ಧ ಕೊಬ್ಬರಿ ಎಣ್ಣೆ ಅಡುಗೆ ಎಣ್ಣೆಯೋ ತಲೆಗೆ ಹಚ್ಚುವ ಎಣ್ಣೆಯೋ ಎಂದು ತೆರಿಗೆ ಇಲಾಖೆಗೂ ಕಂಪನಿಗಳಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆದಿತ್ತು. ಆಗ ತಲೆ ಎಣ್ಣೆ ಎಂದಾದರೆ ತೆರಿಗೆ ಜಾಸ್ತಿ ಇತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಡುಗೆ ಎಣ್ಣೆ ಎಂದೇ ತೀರ್ಮಾನಿಸಿತು. ತಿನ್ನುವ ಎಣ್ಣೆಗೆ ಇರುವ ನಿಯಮ ಬಿಗಿ. ಅದಕ್ಕೇ ತಲೆಗೂ ಅದನ್ನೇ ಆರಿಸಿ ಅನ್ನುತ್ತೇನೆ.

2025ರಲ್ಲಿ ಕೊಬ್ಬರಿ ಎಣ್ಣೆ ಬೆಲೆ ಹೇಗೆ ಏರಿತು ಅಂತ ನಿಮಗೇ ಗೊತ್ತು. ಬೆಲೆ ಏರಿದಾಗ ಬೆರಕೆಯ ಭಯವೂ ಏರುತ್ತದೆ. ಗಾಜಿನ ಲೋಟದಲ್ಲಿ ಸ್ವಲ್ಪ ಎಣ್ಣೆ ಹಾಕಿ ಫ್ರಿಜ್‌ನಲ್ಲಿಡಿ. ಶುದ್ಧ ಎಣ್ಣೆ ಒಂದೇ ಸಮ ಬೆಳ್ಳಗೆ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದರ ಮೇಲೆ ನೀರಿನಂಥ ಪದರ ಉಳಿದರೆ ಬೇರೇನೋ ಬೆರೆತಿದೆ. ಈ ಪರೀಕ್ಷೆಗೆ ಮಿತಿ ಇದೆ. ತಾಳೆ ಬೀಜದ ಎಣ್ಣೆ ಬೆರೆಸಿದ್ದರೆ ಅದೂ ಗಟ್ಟಿಯಾಗುತ್ತದೆ, ಗೊತ್ತಾಗುವುದಿಲ್ಲ. ಡಿಸೆಂಬರ್ ಬೆಳಗ್ಗೆ ಬಾಟಲಿ ತಾನಾಗಿ ಹೆಪ್ಪುಗಟ್ಟಿದ್ದರೆ ಚಿಂತೆ ಬೇಡ. ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಕೊಬ್ಬರಿ ಎಣ್ಣೆ ಹಾಗೇ.

ಇಷ್ಟು ಹೊಗಳಿದ ಮೇಲೆ ಒಂದು ನಿಷ್ಠುರದ ಮಾತು ಹೇಳಬೇಕು. ಸದ್ಯಕ್ಕೆ ಯಾವ ಎಣ್ಣೆಯನ್ನೂ ನೆತ್ತಿಗೆ ಹಚ್ಚಬೇಡಿ, ಅಮ್ಮನ ಎಣ್ಣೆಯನ್ನೂ ಸಹ. ಕಾರಣ ನಿಮ್ಮ ಹೊಟ್ಟು.

ಹೊಟ್ಟು ಅಂದರೆ ತಲೆ ಒಣಗಿದೆ, ಎಣ್ಣೆ ಸಾಲದು ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ತುರಿಕೆ ಇರುವ ಹೊಟ್ಟಿನಲ್ಲಿ ನಡೆಯುವುದೇ ಬೇರೆ. ಎಲ್ಲರ ನೆತ್ತಿಯ ಮೇಲೂ ಮಲಸ್ಸೇಜಿಯಾ ಎಂಬ ಶಿಲೀಂಧ್ರ ಇರುತ್ತದೆ. ತನಗೆ ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ನಮ್ಮ ಚರ್ಮದ ಜಿಡ್ಡನ್ನು ಒಡೆದು ತಿನ್ನುತ್ತದೆ. ಒಡೆದಾಗ ಉಳಿಯುವ ಒಲೀಕ್ ಆಮ್ಲ ಕೆಲವರ ಚರ್ಮವನ್ನು ಕೆರಳಿಸುತ್ತದೆ. ಆಗ ತುರಿಕೆ, ಆಗ ಪೊರೆ ಏಳುವುದು. ಪ್ರಯೋಗಾಲಯದಲ್ಲಿ ಈ ಶಿಲೀಂಧ್ರ ಬೆಳೆಸಬೇಕಾದರೆ ತಟ್ಟೆಯ ಮೇಲೆ ಆಲಿವ್ ಎಣ್ಣೆ ಹಾಕುತ್ತಾರೆ. ಇದನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಕಲಿತದ್ದು. ಹೊಟ್ಟಿನ ತಲೆಗೆ ರಾತ್ರಿಯಿಡೀ ಎಣ್ಣೆ ಹಚ್ಚಿ ಮಲಗುವವರನ್ನು ನೋಡಿದಾಗಲೆಲ್ಲ ಆ ತಟ್ಟೆ ನೆನಪಾಗುತ್ತದೆ. ಎಣ್ಣೆ ಹಚ್ಚಿದಾಗ ಪೊರೆ ಅಂಟಿಕೊಂಡು ಕಾಣದಾಗುತ್ತದೆ, ಒಂದು ದಿನ ತುರಿಕೆಯೂ ತಗ್ಗುತ್ತದೆ. ಕಡಿಮೆಯಾಯಿತು ಅನ್ನಿಸುತ್ತದೆ. ಮೂರನೇ ದಿನ ದುಪ್ಪಟ್ಟು.

ಹಾಗಾಗಿ ನಾಲ್ಕು ವಾರ ಕೀಟೊಕೊನಜೋಲ್ ಎಂಬ ಶಿಲೀಂಧ್ರ ತಗ್ಗಿಸುವ ಔಷಧಿ 2 ಪರ್ಸೆಂಟ್ ಇರುವ ಶಾಂಪೂ ಬಳಸಿ. ವಾರಕ್ಕೆ ಎರಡು ಸಲ. ಬೆರಳಿನಿಂದ ನೆತ್ತಿಗೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಹಚ್ಚಿದ ತಕ್ಷಣ ತೊಳೆದರೆ ಪ್ರಯೋಜನ ಇಲ್ಲ, ಎಷ್ಟೋ ಜನ ಮಾಡುವ ತಪ್ಪು ಅದೇ. ಬಸುರಿಯಾಗಿದ್ದರೆ ಅಥವಾ ಎದೆಹಾಲು ಕುಡಿಸುತ್ತಿದ್ದರೆ ಮೊದಲು ನಿಮ್ಮ ವೈದ್ಯರನ್ನು ಕೇಳಿ. ಈ ನಾಲ್ಕು ವಾರ ಎಣ್ಣೆ ಬೇಕೇ ಬೇಕು ಅನ್ನಿಸಿದರೆ ಕಿವಿಯ ಮಟ್ಟದಿಂದ ಕೆಳಗಿನ ಕೂದಲಿಗೆ ಮಾತ್ರ, ತೊಳೆಯುವ ಒಂದೆರಡು ಗಂಟೆ ಮೊದಲು ಹಚ್ಚಿ. ನಿಜ ಹೇಳಬೇಕೆಂದರೆ ಎಣ್ಣೆ ಹೆಚ್ಚು ಬೇಕಿರುವುದೂ ಅಲ್ಲಿಗೇ, ಆ ಐದು ವರ್ಷದ ತುದಿಗೆ. ಹೊಟ್ಟು ಹೋದ ಮೇಲೆ ನೆತ್ತಿಗೂ ಸ್ವಲ್ಪ ಹಚ್ಚಬಹುದು. ತಿರುಗಿ ತುರಿಕೆ ಬಂದರೆ ನಿಮ್ಮ ನೆತ್ತಿಗೆ ಎಣ್ಣೆ ಸೇರುವುದಿಲ್ಲ ಅಂತ ಅರ್ಥ. ಹಣೆಯ ಅಂಚಿನಲ್ಲಿ ಗುಳ್ಳೆ ಏಳುವವರಿಗೂ ಇದೇ ಮಾತು.

ಹರಳೆಣ್ಣೆಯ ಬಗ್ಗೆ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ಹರಳು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆ ತೆಗೆಯುತ್ತಿದ್ದರು. ತಂಪು ಅಂತ ಮಗುವಿನ ನೆತ್ತಿಗೆ ನಾಲ್ಕು ಹನಿ ಒತ್ತುತ್ತಿದ್ದರು. ನಾಲ್ಕು ಹನಿ ಅನ್ನುವುದನ್ನು ಗಮನಿಸಿ. ಈಗ ಬಟ್ಟಲುಗಟ್ಟಲೆ ಉದ್ದ ಕೂದಲಿಗೆ ಬಳಿದುಕೊಳ್ಳುತ್ತಾರೆ. ಇದರ ನೂರರಲ್ಲಿ ಎಂಬತ್ತೈದು ಪಾಲಿಗೂ ಹೆಚ್ಚು ರಿಸಿನೋಲಿಕ್ ಆಮ್ಲ. ಅದಕ್ಕೇ ಅಷ್ಟು ಮಂದ, ಚಮಚದಿಂದ ಬಿಟ್ಟರೆ ಜೇನಿನ ಹಾಗೆ ನೂಲಾಗಿ ಇಳಿಯುತ್ತದೆ. ಉದ್ದ ಕೂದಲಿಗೆ ಇದನ್ನೊಂದೇ ಹಚ್ಚಿ, ತುರುಬು ಕಟ್ಟಿ, ಮರುದಿನ ಬಿಸಿ ನೀರಲ್ಲಿ ಉಜ್ಜಿ ತೊಳೆದರೆ ಕೂದಲೆಲ್ಲ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಗಂಟಾಗಬಹುದು, ಹಕ್ಕಿಗೂಡಿನ ಹಾಗೆ. ಅಪರೂಪ, ಆದರೆ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ನಾನೇ ಒಬ್ಬ ಹುಡುಗಿಯನ್ನು ನೋಡಿದ್ದೇನೆ. ಸೊಂಟದವರೆಗೆ ಇದ್ದ ಕೂದಲು. ನಾನು, ನರ್ಸ್, ಅವಳ ತಾಯಿ ಮೂವರೂ ಎರಡು ಗಂಟೆ ಬಿಡಿಸಲು ನೋಡಿದೆವು. ಕೊನೆಗೆ ಕತ್ತರಿಸಬೇಕಾಯಿತು. ಆ ತಾಯಿ ಅತ್ತದ್ದನ್ನು ನಾನು ಮರೆತಿಲ್ಲ. ಹರಳೆಣ್ಣೆ ಕೂದಲು ಬೆಳೆಸುತ್ತದೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಇಲ್ಲ. ಹೊಳಪು ಕೊಡುತ್ತದೆ, ಅದು ನಿಜ. ಬೇಕಿದ್ದರೆ ಐದು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಮಚ ಬೆರೆಸಿ. ಹುಬ್ಬಿಗೆ ಹಚ್ಚುವವರು ಹಚ್ಚಿಕೊಳ್ಳಲಿ, ತೊಂದರೆ ಇಲ್ಲ.

ಅತ್ತೆಯವರ ಕುಸುಬೆ ಎಣ್ಣೆ ಹಗುರ, ಜಿಡ್ಡು ಕಡಿಮೆ. ಎಳೆಯ ಒಳಗೆ ಹೋಗುವುದಿಲ್ಲ, ಹೊರಗೆ ತೆಳ್ಳಗೆ ನಿಲ್ಲುತ್ತದೆ. ಉತ್ತರ ಕರ್ನಾಟಕದ ಒಣ ಹವೆಯಲ್ಲಿ ಬೆಳೆದು, ಅಲ್ಲೇ ಗಾಣಕ್ಕೆ ಹೋಗಿ, ತಾಜಾ ಬಳಕೆಯಾಗುತ್ತಿದ್ದ ಎಣ್ಣೆ ಅದು. ಅವರ ಅನುಭವ ಸುಳ್ಳಲ್ಲ. ಆದರೆ ಬೇಗ ಕಮಟಾಗುತ್ತದೆ. ತಲೆ ಒಣಗಿದ ಮೇಲೆ ತುದಿಯ ಸಿಕ್ಕು ಬಿಡಿಸಲು ಅಂಗೈಗೆ ಎರಡು ಹನಿ ಸವರಿಕೊಳ್ಳಿ, ಅದಕ್ಕೆ ಚೆನ್ನ. ಉಳಿದದ್ದು ಒಗ್ಗರಣೆಗೆ ಹಾಕಿ. ಇಂಥವೇ ಇನ್ನೆರಡು, ಹುಚ್ಚೆಳ್ಳೆಣ್ಣೆ ಮತ್ತು ಅಗಸೆ ಎಣ್ಣೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಪೊರೆ ಕಟ್ಟುತ್ತದೆ, ಅದಕ್ಕೇ ಚಿತ್ರಕಾರರು ಬಣ್ಣ ಕಲಸಲು ಬಳಸುತ್ತಾರೆ. ತಲೆಗೆ ಬೇಡ, ಅಂಟಂಟಾಗುತ್ತದೆ.

ರೋಸ್‌ಮೆರಿ ವಿಷಯದಲ್ಲಿ ಎಲ್ಲರೂ ಹೇಳುವ ಅಧ್ಯಯನ 2015ರದು. ನೂರು ಗಂಡಸರು, ಆರು ತಿಂಗಳು. ಅರ್ಧ ಜನಕ್ಕೆ ರೋಸ್‌ಮೆರಿ, ಅರ್ಧ ಜನಕ್ಕೆ 2 ಪರ್ಸೆಂಟ್ ಮಿನಾಕ್ಸಿಡಿಲ್, ಅಂದರೆ ಕೂದಲು ಬೆಳೆಯಲು ವೈದ್ಯರು ನೆತ್ತಿಗೆ ಹಚ್ಚಲು ಕೊಡುವ ಔಷಧಿ. ಆರು ತಿಂಗಳ ಕೊನೆಗೆ ಎರಡೂ ಗುಂಪಿನಲ್ಲಿ ಸ್ವಲ್ಪ ಸುಧಾರಣೆ ಕಂಡಿತು. ಏನೂ ಹಚ್ಚದ ಗುಂಪು ಅದರಲ್ಲಿ ಇರಲಿಲ್ಲ, ಹಾಗಾಗಿ ನಾನು ಅದರ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ. ಅವರಿಗಿದ್ದದ್ದು ವಂಶದಿಂದ ಬರುವ ಬೋಳು. ನಿಮ್ಮದು ಜ್ವರದ ನಂತರದ ಉದುರುವಿಕೆ. ಎರಡೂ ಬೇರೆ. ನಿಮ್ಮ ಬಾಟಲಿಯಲ್ಲಿರುವುದು ಗಿಡದಿಂದ ಇಳಿಸಿದ ಸುಗಂಧ ಸಾರ (ಎಸೆನ್ಷಿಯಲ್ ಆಯಿಲ್) ಆಗಿದ್ದರೆ ನೇರವಾಗಿ ಹಚ್ಚಬೇಡಿ, ಚರ್ಮ ಸುಡುತ್ತದೆ. 30 ಮಿಲಿ ಎಣ್ಣೆಗೆ ಆರೇ ಹನಿ. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ. ನೆತ್ತಿ ತುರಿಸುತ್ತಿರುವಾಗ ಅದೂ ಬೇಡ.

ಬಾದಾಮಿ ಎಣ್ಣೆಯ ಬಾಟಲಿ ತಿರುಗಿಸಿ ಹಿಂದೆ ಓದಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಇರುತ್ತದೆ. ‘ಮಿನರಲ್ ಆಯಿಲ್’ ಅಥವಾ ‘ಲಿಕ್ವಿಡ್ ಪ್ಯಾರಾಫಿನ್’ ಮೊದಲಿದ್ದು, ಬಾದಾಮಿ ಕೊನೆಯಲ್ಲಿದ್ದರೆ ನೀವು ಬಾದಾಮಿಗೆ ದುಡ್ಡು ಕೊಟ್ಟಿಲ್ಲ. ಅದು ವಿಷವಲ್ಲ, ನುಣುಪು ಕೊಡುತ್ತದೆ. ಸಹಜ ಎಣ್ಣೆ ಮಾತ್ರ ಅಲ್ಲ.

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಎಣ್ಣೆಯ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಆ ಸಮುದಾಯದವರು ಗಿಡಮೂಲಿಕೆ, ಎಣ್ಣೆ ಮಾರುತ್ತಾ ಆಫ್ರಿಕಾದವರೆಗೆ ಹೋಗಿದ್ದಾರೆ. 2023ರಲ್ಲಿ ಸುಡಾನ್ ಯುದ್ಧದ ನಡುವೆ ಸಿಕ್ಕಿಬಿದ್ದಿದ್ದೂ ಅವರೇ. ಆ ದುಡಿಮೆಗೆ ನನಗೆ ಗೌರವ ಇದೆ. ಆದರೆ ಬೋಳು ತಲೆಯಲ್ಲಿ ಕೂದಲು ಬರಿಸುತ್ತದೆ ಎಂಬ ಮಾತಿಗೆ ವೈದ್ಯಕೀಯ ಪರೀಕ್ಷೆಯ ಆಧಾರವನ್ನು ನಾನು ನೋಡಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಬಾಟಲಿ ಅವರೇ ಮಾಡಿದ್ದು ಅಂತ ತಿಳಿಯುವುದೂ ಕಷ್ಟ. ಮೂಲ ಎಣ್ಣೆ ಯಾವುದು, ತಯಾರಿಸಿದ ತಾರೀಕು ಯಾವುದು ಅಂತ ಬರೆದಿಲ್ಲದಿದ್ದರೆ ಹಚ್ಚಬೇಡಿ. ಇದು ಎಲ್ಲ ಬಾಟಲಿಗೂ ಅನ್ವಯ, ಅಮ್ಮನದೊಂದನ್ನು ಬಿಟ್ಟು.

ಮಗಳ ಗುಂಗುರು ಕೂದಲಿಗೆ ಎಣ್ಣೆ ನಿಮಗಿಂತ ಹೆಚ್ಚು ಬೇಕು. ನೆತ್ತಿಯ ಸಹಜ ಜಿಡ್ಡು ಸುರುಳಿ ದಾಟಿ ತುದಿಗೆ ಇಳಿಯುವುದು ಕಷ್ಟ. ಹೊಟ್ಟು ಇಲ್ಲದಿದ್ದರೆ ಅವಳಿಗೆ ಅಮ್ಮನ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ. ಹೇನಿಗೂ ಅದೇ ಎಣ್ಣೆ ನೆರವಾಗುತ್ತದೆ, ಹೇಗೆ ಅಂದರೆ ಎಣ್ಣೆಯಲ್ಲಿ ಹೇನು ಬೇಗ ಓಡುವುದಿಲ್ಲ, ಸೀರಣಿಗೆಯೂ ಸಲೀಸಾಗಿ ಇಳಿಯುತ್ತದೆ. ಬೆಳಕಿನಲ್ಲಿ ಕೂರಿಸಿಕೊಂಡು, ಸ್ವಲ್ಪ ಸ್ವಲ್ಪ ಕೂದಲು ತೆಗೆದುಕೊಂಡು, ಬುಡದಿಂದ ತುದಿಯವರೆಗೆ ಎಳೆಯಿರಿ. ಮೂರು ದಿನಕ್ಕೊಮ್ಮೆಯಂತೆ ಎರಡು ವಾರ. ಸೀರು ಒಡೆದು ಮರಿ ಹೊರಬರಲು ವಾರ, ಹತ್ತು ದಿನ ಬೇಕು. ಅದಕ್ಕೇ ಒಂದು ದಿನ ಬಾಚಿ ಬಿಟ್ಟರೆ ಸಾಲದು. ಸೀಮೆಎಣ್ಣೆ ಖಂಡಿತ ಬೇಡ. ಎಣ್ಣೆಗೆ ಕರ್ಪೂರ ಹಾಕುವುದೂ ಬೇಡ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕರ್ಪೂರ, ಬೇವಿನ ಎಣ್ಣೆ ಎರಡನ್ನೂ ಕೈಗೆ ಸಿಗದಂತೆ ಇಡಿ. ಬಾಯಿಗೆ ಹೋದರೆ ಫಿಟ್ಸ್ ಬರಬಹುದು.

ಇನ್ನು ತೊಳೆಯುವುದು. ಹಚ್ಚುವ ಎಣ್ಣೆಯಷ್ಟೇ ತೊಳೆಯುವ ರೀತಿಯೂ ಮುಖ್ಯ. ಬೋರ್‌ವೆಲ್ ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಬಿಳಿ ಚರಟವಾಗಿ ಕೂದಲಿಗೆ ಅಂಟುತ್ತದೆ. ಸೋಪು ತಲೆಗೆ ಬೇಡವೇ ಬೇಡ. ಶಾಂಪೂ, ಸೀಗೆಕಾಯಿಗೆ ಅಷ್ಟು ತೊಂದರೆ ಇಲ್ಲ. ಕೊನೆಯ ಎರಡು ಚೊಂಬು ಕಾವೇರಿ ನೀರೋ ಮಳೆ ನೀರೋ ಸಿಕ್ಕರೆ ಒಳ್ಳೆಯದು. ಎಣ್ಣೆ ಎರಡು ಚಮಚಕ್ಕಿಂತ ಜಾಸ್ತಿ ಹಚ್ಚಬೇಡಿ. ಹೆಚ್ಚಾದದ್ದು ಎಳೆಯೊಳಗೆ ಹೋಗುವುದಿಲ್ಲ, ಅದನ್ನು ತೆಗೆಯಲು ಶಾಂಪೂ ಮಾತ್ರ ಜಾಸ್ತಿ ಬೇಕಾಗುತ್ತದೆ. ಆಗ ಎಣ್ಣೆ ಕೊಟ್ಟದ್ದನ್ನು ಶಾಂಪೂ ತೆಗೆದುಕೊಂಡು ಹೋಗುತ್ತದೆ. ಶಾಂಪೂವನ್ನು ಮಗ್ಗಿನ ನೀರಲ್ಲಿ ಕದಡಿ ಹಾಕಿಕೊಳ್ಳಿ. ಒದ್ದೆ ಕೂದಲನ್ನು ಟವೆಲಿನಿಂದ ಬಡಿಯಬೇಡಿ. ನಮ್ಮಲ್ಲಿ ತುಂಬಾ ಜನಕ್ಕೆ ಈ ಅಭ್ಯಾಸ ಇದೆ.

ಈ ವಾರವೇ ಒಂದು ರಕ್ತಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಮೂರು ಸಾಕು. ಹಿಮೋಗ್ಲೋಬಿನ್ ಸರಿ ಇದ್ದರೂ ಫೆರಿಟಿನ್, ಅಂದರೆ ಕೂಡಿಟ್ಟ ಕಬ್ಬಿಣಾಂಶ, ಕಡಿಮೆ ಇರುವ ಹೆಂಗಸರು ಬಹಳ. ಜ್ವರದಲ್ಲಿ ಊಟ ಸೇರದೆ ಸೊರಗಿರುತ್ತೀರಿ. ಮೊಟ್ಟೆ, ಬೇಳೆ, ಮೊಳಕೆ ಕಾಳು, ಸೊಪ್ಪು ದಿನಾ ತಿನ್ನಿ. ನಾಣ್ಯದಷ್ಟು ಜಾಗ ಬೋಳಾದರೆ, ಬೈತಲೆ ಅಗಲವಾಗುತ್ತಾ ಹೋದರೆ, ಫೆಬ್ರವರಿ ದಾಟಿದರೂ ಉದುರುವುದು ನಿಲ್ಲದಿದ್ದರೆ ಹತ್ತಿರದ ಚರ್ಮ ವೈದ್ಯರಿಗೆ ತೋರಿಸಿ. ಆಗ ಇದು ಬರೀ ಜ್ವರದ ಕತೆಯಲ್ಲ.

ಇವತ್ತು ಜಡೆಯ ಬುಡಕ್ಕೆ ಒಂದು ದಾರ ಸುತ್ತಿ ಅಳೆಯಿರಿ. ಅಳತೆ, ತಾರೀಕು ಎರಡನ್ನೂ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಬಚ್ಚಲಿನಲ್ಲಿ ಬಿದ್ದ ಕೂದಲು ದಿನಾ ಎಣಿಸುತ್ತಾ ಕೂರಬೇಡಿ, ಮತ್ತೆ ಯುಗಾದಿಗೆ ಅಳೆದರೆ ಸಾಕು. ಅಷ್ಟರಲ್ಲಿ ಹಣೆಯ ಅಂಚಿನಲ್ಲಿ, ಕಿವಿಯ ಮುಂದೆ ಬೆರಳುದ್ದದ ಹೊಸ ಕೂದಲು ನೆಟ್ಟಗೆ ಎದ್ದು ನಿಂತಿರುತ್ತದೆ, ಬಾಚಿದರೂ ಕೂರುವುದಿಲ್ಲ. ಎಣ್ಣೆ ಹಚ್ಚಿ ಒತ್ತಿ, ಬಿಗಿಯಾಗಿ ಜಡೆ ಹಾಕಿ ಅದನ್ನು ಎಳೆಯಬೇಡಿ. ಹಾಗೇ ಬಿಡಿ.